ಸುಗ್ರೀವಾಜ್ಞೆಯೂ ಶಾಸನಸಭೆಯೂ

ರಾಜ್ಯಾಂಗಕ್ಕೆ ಸಂಬಂಧಿಸಿದ ನಮ್ಮ ಪರಿಭಾಷೆಯು ಬಹುಮಟ್ಟಿಗೆ ಇತ್ತೀಚೆಗೆ ಟಂಕಿಸಲ್ಪಟ್ಟುದು. ಕಾರ್ಯಾಂಗ, ಶಾಸಕಾಂಗ ಮುಂತಾದ ಶಬ್ದಗಳಿಗೆ ನೂರು ವರ್ಷಗಳಿಗಿಂತ ಹೆಚ್ಚಿನ ಬಳಕೆಯಿರಲಾರದು. ಆದರೆ ಶಾಸನಸಭೆಯು ಸೇರದಿರುವಾಗ ಸರಕಾರವು ತಾನಾಗಿ ಹೊರಡಿಸುವ ಕಾನೂನಿಗೆ ಕನ್ನಡಿಗರು ಇಟ್ಟುಕೊಂಡಿರುವ ಹೆಸರು ಮಾತ್ರ ನೇರವಾಗಿ ಕಿಷ್ಕಿಂಧೆಯಿಂದ ಬಂದುದಾಗಿದೆ. ಹಿಂದಿಯವರು ಅದನ್ನು ಅಧ್ಯಾದೇಶವೆಂದು ಕರೆಯುತ್ತಾರೆ, ನಾವು ಸುಗ್ರೀವಾಜ್ಞೆಯೆನ್ನುತ್ತೇವೆ. ಎದುರುಮಾತಿಲ್ಲದ, ಮೀರಿದರೆ ತಲೆ ಉಳಿಯದ ಆಜ್ಞೆ ಎಂಬ ಅರ್ಥದಲ್ಲಿ ನಮ್ಮ ಹಿರಿಯರು ಈ ಶಬ್ದವನ್ನು ಆರಿಸಿದರು. ಅದರಲ್ಲಿ ಅಡಗಿರುವ ಮತ್ತೊಂದು ಅರ್ಥವನ್ನು ವಾಚಕರು ಗಮನಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಸುಗ್ರೀವನ ಆಜ್ಞೆಗೆ ಅಷ್ಟು ತ್ವರೆ ಏಕೆ ಬಂತು? ವಾಲಿಯ ವಧೆಯಾಗಿ ರಾಜ್ಯ ಕೈಸೇರಿದ ಮೇಲೆ ಸೀತಾನ್ವೇಷಣೆಗೆ ನೆರವಾಗುವೆನೆಂದು ಅವನು ಮಾತು ಕೊಟ್ಟಿದ್ದನು. ಮಳೆಗಾಲ ಕಳೆಯಿತು, ಶರತ್ಕಾಲ ಬಂತು, ಅರಸನು ಅಂತಃಪುರದಿಂದ ಹೊರಬರಲಿಲ್ಲ. ಕೊನೆಗೆ ಲಕ್ಷ್ಮಣನು ಬಿಲ್ಲು ಹಿಡಿದು ಬಾಗಿಲಿಗೆ ಬಂದ ಮೇಲೆಯೇ ವಾನರರಿಗೆ ಆಜ್ಞೆ ಕಠಿಣವಾಯಿತು. ತಿಂಗಳೊಳಗೆ ಹಿಂದಿರುಗದವರಿಗೆ ಮರಣದಂಡನೆಯೆಂದು ವಿಧಿಸಲಾಯಿತು. ಸಾವಕಾಶ ಮಾಡಿದವನು ಒಡೆಯ. ಅವಸರದ ಭಾರ ಬಿದ್ದುದು ಸೇವಕರ ಮೇಲೆ. ಅವಧಿ ಮೀರಿತೆಂದು ಕಂಗೆಟ್ಟು ಅಂಗದಾದಿಗಳು ಸಮುದ್ರತೀರದಲ್ಲಿ ಪ್ರಾಯೋಪವೇಶಕ್ಕೆ ಕುಳಿತ ಕಥೆ ಎಲ್ಲರಿಗೂ ವಿದಿತವಾಗಿದೆ. ಇಂದಿನ ಸುಗ್ರೀವಾಜ್ಞೆಗಳಲ್ಲಿಯೂ ಅನೇಕವು ಇದೇ ಬಗೆಯವು. ಆಪತ್ತು ಬಂತೆಂದು ಹೊರಟವು ಕೆಲವು. ಆಳುವವರು ತಾವೇ ಮಾಡಿಕೊಂಡ ಸಾವಕಾಶವನ್ನು ಆಪತ್ತೆಂದು ಕರೆದು ಹೊರಡಿಸಿದವು ಹಲವು.

ಮೊದಲು ನಿಯಮವನ್ನು ಹೇಳಿಬಿಡೋಣ. ಸಂವಿಧಾನದ 123ನೆಯ ಅನುಚ್ಛೇದವು ರಾಷ್ಟ್ರಪತಿಗೂ 213ನೆಯದು ರಾಜ್ಯಪಾಲರಿಗೂ ಈ ಅಧಿಕಾರವನ್ನು ಕೊಟ್ಟಿವೆ. ಸಹಿ ಅವರದು, ನಿರ್ಣಯ ಮಂತ್ರಿಮಂಡಲದ್ದು. ಸದನಗಳು ಕೂಡಿರುವಾಗ ಈ ಅಧಿಕಾರವಿಲ್ಲ. ಕೂಡದಿರುವಾಗಲೂ ಕೂಡಲೇ ಕ್ರಮ ಕೈಗೊಳ್ಳಬೇಕಾದ ಪರಿಸ್ಥಿತಿ ಇರಬೇಕು. ಆಜ್ಞೆಯನ್ನು ಮುಂದಿನ ಅಧಿವೇಶನದಲ್ಲಿ ಮಂಡಿಸತಕ್ಕದ್ದು. ಸದನವು ಮತ್ತೆ ಸೇರಿದ ಆರು ವಾರಗಳೊಳಗೆ ಅದು ಅಧಿನಿಯಮವಾಗಿ ಅಂಗೀಕೃತವಾಗದಿದ್ದರೆ ತಾನಾಗಿಯೇ ಬಿದ್ದುಹೋಗುತ್ತದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದಾದುದರಿಂದ, ಒಂದು ಸುಗ್ರೀವಾಜ್ಞೆಯ ಪರಮಾಯುಷ್ಯ ಹೆಚ್ಚೆಂದರೆ ಏಳೂವರೆ ತಿಂಗಳು. ಇದು ಸಾಲವಾಗಿ ಕೊಟ್ಟ ಅಧಿಕಾರವೇ ಹೊರತು ದಾನವಲ್ಲ.

ಈ ಅಧಿಕಾರದ ವಂಶಾವಳಿಯು ಸ್ವತಂತ್ರ ಪ್ರಜೆಗಳಿಗೆ ಹೆಮ್ಮೆ ತರತಕ್ಕದ್ದಲ್ಲ. 1861ರ ಇಂಡಿಯನ್ ಕೌನ್ಸಿಲ್ಸ್ ಆಕ್ಟಿನಲ್ಲಿ ಗವರ್ನರ್ ಜನರಲನು ತುರ್ತು ಸಂದರ್ಭದಲ್ಲಿ ತಾನೊಬ್ಬನೇ ಕಾನೂನು ಮಾಡಬಹುದೆಂದೂ ಅದು ಆರು ತಿಂಗಳು ಊರ್ಜಿತದಲ್ಲಿರುವುದೆಂದೂ ವಿಧಿಸಲಾಯಿತು. ಆ ಬೀಜದ ಫಲವನ್ನು ದೇಶವು ಉಪ್ಪಿನ ಸತ್ಯಾಗ್ರಹದ ವರ್ಷದಲ್ಲಿ ಉಂಡಿತು. 1930ರ ಏಪ್ರಿಲಿನಲ್ಲಿ ಲಾರ್ಡ್ ಇರ್ವಿನ್ನರು ಪತ್ರಿಕೆಗಳ ಮೇಲೆ ಸುಗ್ರೀವಾಜ್ಞೆ ಹೊರಡಿಸಿ ಜಾಮೀನು ಹಣವನ್ನು ಕೇಳುವ ಹಳೆಯ ಪದ್ಧತಿಯನ್ನು ಮತ್ತೆ ಬದುಕಿಸಿದರು. ನವಜೀವನ ಮುದ್ರಣಾಲಯವು ಮುಟ್ಟುಗೋಲಾಯಿತು. 'ಯಂಗ್ ಇಂಡಿಯಾ'ವು ಕೈಯಚ್ಚಿನ ಹಾಳೆಗಳಲ್ಲಿ ಹೊರಬರಬೇಕಾಯಿತು.

ಇದಕ್ಕಿಂತ ಘೋರವಾದ ದೃಷ್ಟಾಂತವೊಂದಿದೆ. ಲಾಹೋರಿನ ಒಳಸಂಚಿನ ಮೊಕದ್ದಮೆಯಲ್ಲಿ ಉಪವಾಸ ಹೂಡಿದ್ದ ಆರೋಪಿಗಳನ್ನು ಅವರ ಗೈರುಹಾಜರಿಯಲ್ಲಿಯೇ ವಿಚಾರಿಸಲು ಅವಕಾಶ ಕೊಡುವ ಮಸೂದೆಯನ್ನು ಸರಕಾರವು 1929ರ ಸೆಪ್ಟೆಂಬರಿನಲ್ಲಿ ಕೇಂದ್ರ ಶಾಸನಸಭೆಯ ಮುಂದಿಟ್ಟಿತು. ಜನಾಬ್ ಜಿನ್ನಾರವರೇ ಮೊದಲಾದ ಸದಸ್ಯರು ಅದನ್ನು ಬಲವಾಗಿ ಖಂಡಿಸಿದರು. ಮಸೂದೆಯು ಮುಂದೆ ಸಾಗಲಿಲ್ಲ. ಸಭೆಯಲ್ಲಿ ದೊರೆಯದುದನ್ನು ವೈಸರಾಯರು 1930ರ ಮೇ 1ರಂದು ಒಂದು ಸಹಿಯಿಂದ ಪಡೆದುಕೊಂಡರು. ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಲಿಯು ಸುಗ್ರೀವಾಜ್ಞೆಯಿಂದ ಹುಟ್ಟಿತು. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲಿರಲಿಲ್ಲ. ಆಜ್ಞೆಯ ಆರು ತಿಂಗಳ ಆಯುಷ್ಯ ಮುಗಿಯುವ ಮುನ್ನವೇ, ಅಕ್ಟೋಬರ್ 7ರಂದು, ಭಗತ್ ಸಿಂಗ್, ರಾಜಗುರು, ಸುಖದೇವರಿಗೆ ಮರಣದಂಡನೆ ವಿಧಿಸಲ್ಪಟ್ಟಿತು. 1931ರ ಮಾರ್ಚ್ 23ರಂದು ಅವರನ್ನು ಗಲ್ಲಿಗೇರಿಸಿದರು. ಆಜ್ಞೆ ಸತ್ತಿತು, ಅದರ ಫಲವನ್ನು ಹಿಂದಕ್ಕೆ ತರುವವರು ಯಾರು? ಕಾಲಮಿತಿಯಿದೆಯಾದುದರಿಂದ ಭಯವಿಲ್ಲವೆನ್ನುವವರು ಈ ಒಂದು ಪ್ರಸಂಗವನ್ನು ಮನನ ಮಾಡಬೇಕು.

ನಮ್ಮ ಮೈಸೂರಿನ ಚರಿತ್ರೆಯೂ ಈ ವಿಷಯದಲ್ಲಿ ಪಾಠ ಹೇಳುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾದಾಗ ದೇಶದಲ್ಲೆಲ್ಲ ಅದನ್ನು ಕೊಂಡಾಡಿದರು, ಕೊಂಡಾಡತಕ್ಕದ್ದೇ ಆಗಿತ್ತು. ಆದರೆ ಸಭೆಯ ಅಗ್ರಾಸನದಲ್ಲಿ ಕುಳಿತಿರುತ್ತಿದ್ದವರು ದಿವಾನರೇ. ಪ್ರತಿನಿಧಿಗಳು ಕೆರೆಯ ಕೋಡಿ, ಕಂದಾಯದ ಕಂತು, ಅಮಲ್ದಾರರ ದರ್ಪ ಇವುಗಳನ್ನು ಕುರಿತು ಅಹವಾಲು ಹೇಳಿಕೊಳ್ಳಬಹುದಾಗಿತ್ತು, ನಿರ್ಣಯಿಸುವಂತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ, ಬ್ರಜೇಂದ್ರನಾಥ ಶೀಲರ ಸಮಿತಿಯ ವರದಿಯ ತರುವಾಯ, ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಸಭೆ ಹುಟ್ಟಿ ಅದಕ್ಕೊಂದು ಕಾನೂನಿನ ನೆಲೆ ದೊರೆಯಲು ನಲವತ್ತೆರಡು ವರ್ಷ ಬೇಕಾಯಿತು. ಕೇಳುವ ಅಧಿಕಾರಕ್ಕೂ ತಡೆಯುವ ಅಧಿಕಾರಕ್ಕೂ ಎಷ್ಟು ದೂರವೆಂಬುದನ್ನು ನಮ್ಮ ಅಜ್ಜಂದಿರು ಹೀಗೆ ನಡೆದು ತಿಳಿದರು. ಕಾಲ್ನಡೆಯಲ್ಲಿ ಗಳಿಸಿದ ಈ ದಾರಿಯನ್ನು ನಾವು ಸಲುಗೆಯಿಂದ ಬಿಟ್ಟುಕೊಡುವುದು ತರವಲ್ಲ.

ಸಂವಿಧಾನ ರಚನಾಸಭೆಯಲ್ಲಿ 1949ರ ಮೇ ತಿಂಗಳಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಪಂಡಿತ ಹೃದಯನಾಥ ಕುಂಜ್ರೂ, ಪ್ರೊಫೆಸರ್ ಕೆ. ಟಿ. ಶಾಹ ಮುಂತಾದವರು ಸಂದೇಹ ಪ್ರಕಟಿಸಿದರು. ಡಾಕ್ಟರ್ ಅಂಬೇಡಕರರು ಸಮಾಧಾನ ಹೇಳಿದರು: ಸದನವು ಕೂಡದಿರುವಾಗ ಇದ್ದಕ್ಕಿದ್ದಂತೆ ಒದಗುವ ಸಂದರ್ಭಕ್ಕೆ, ಇರುವ ಕಾನೂನುಗಳು ಸಾಲದಿರುವಾಗ, ಸರಕಾರದ ಕೈ ಕಟ್ಟಿಹೋಗಬಾರದೆಂಬುದಷ್ಟೇ ಇದರ ಉದ್ದೇಶವೆಂದರು. ಆ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. 2020ರ ಏಪ್ರಿಲಿನಲ್ಲಿ ಕೋವಿಡ್ ಮಾರಿ ಹಬ್ಬಿ ಸಂಸತ್ತು ಮುಂದಕ್ಕೆ ಹೋಗಿದ್ದಾಗ, ವೈದ್ಯರನ್ನೂ ದಾದಿಯರನ್ನೂ ಹೊಡೆಯುವವರಿಗೆ ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆ ಹೊರಟಿತು. ಅದು ಈ ಅಧಿಕಾರದ ಸದುಪಯೋಗವೆಂದು ಯಾರೂ ಒಪ್ಪುವರು. ಮನೆ ಉರಿಯುತ್ತಿರುವಾಗ ನೆರೆಯವನ ಬಾವಿಯ ಹಗ್ಗವನ್ನು ಕೇಳದೆ ತೆಗೆದುಕೊಳ್ಳಬಹುದು. ಬೆಂಕಿ ಆರಿದ ಮೇಲೆಯೂ ಹಗ್ಗವನ್ನು ಹಿಂದಕ್ಕೆ ಕೊಡದಿದ್ದರೆ, ಅಥವಾ ಹಗ್ಗ ಬೇಕಾದಾಗಲೆಲ್ಲ ಬೆಂಕಿಯೆಂದು ಕೂಗಿದರೆ, ಅದಕ್ಕೆ ಬೇರೆ ಹೆಸರಿದೆ.

ಸಂವಿಧಾನದ ಮಸಿ ಆರುವ ಮೊದಲೇ ಎಚ್ಚರಿಕೆಯ ಮಾತನ್ನಾಡಿದವರು ಲೋಕಸಭೆಯ ಪ್ರಥಮ ಅಧ್ಯಕ್ಷರಾದ ಗಣೇಶ ವಾಸುದೇವ ಮಾವಳಂಕರರು. ಸುಗ್ರೀವಾಜ್ಞೆಗಳು ಹೆಚ್ಚುತ್ತಿರುವುದು ಪ್ರಜಾಪ್ರಭುತ್ವದ ಧರ್ಮಕ್ಕೆ ತಕ್ಕುದಲ್ಲವೆಂದು ಅವರು 1950ರಲ್ಲಿಯೂ, ಮತ್ತೆ 1954ರಲ್ಲಿಯೂ ಪ್ರಧಾನಮಂತ್ರಿ ನೆಹರೂರವರಿಗೆ ಪತ್ರ ಬರೆದರು. ಇಬ್ಬರೂ ಒಂದೇ ಪಕ್ಷದವರು, ಇಬ್ಬರೂ ಸೆರೆಮನೆಯನ್ನು ಕಂಡವರು. ಆದರೂ ಸಭಾಪತಿಯ ಪೀಠದಲ್ಲಿ ಕುಳಿತವರು ಸಭೆಯ ಪರವಾಗಿಯೇ ಮಾತನಾಡಿದರು. ಈ ಗುಣವು ಇಂದು ನಮ್ಮ ಶಾಸನಸಭೆಗಳ ಪೀಠಗಳಲ್ಲಿ ಎಷ್ಟರ ಮಟ್ಟಿಗೆ ಉಳಿದಿದೆಯೆಂಬುದನ್ನು ವಾಚಕರೇ ಯೋಚಿಸಲಿ.

ಅವರ ಎಚ್ಚರಿಕೆ ನಿಷ್ಫಲವಾಯಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ಸುಗ್ರೀವಾಜ್ಞೆಯಿಂದ ರಾಷ್ಟ್ರೀಕರಣಗೊಂಡವು; ನಮ್ಮ ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಸಂಸತ್ತು ಸೇರಬೇಕಾಗಿದ್ದುದು ಜುಲೈ 21ರಂದು, ಅಂದರೆ ಎರಡೇ ದಿನಗಳ ತರುವಾಯ. ರಾಷ್ಟ್ರೀಕರಣವು ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆ ಪ್ರಶ್ನೆ. ಎರಡು ದಿನ ಕಾಯಲಾಗದ ಆಪತ್ತು ಯಾವುದೆಂಬುದು ಇಲ್ಲಿಯ ಪ್ರಶ್ನೆ. ಬಳಿಕ ಬಂದ ಅಧಿನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 1970ರ ಫೆಬ್ರವರಿ 10ರಂದು ರದ್ದುಗೊಳಿಸಿತು. ನಾಲ್ಕು ದಿನಗಳಲ್ಲಿ ಮತ್ತೊಂದು ಸುಗ್ರೀವಾಜ್ಞೆ ಹೊರಟಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರಲ್ಲಿ, 38ನೆಯ ತಿದ್ದುಪಡಿಯು ಈ ವಿಷಯದಲ್ಲಿ ರಾಷ್ಟ್ರಪತಿಯ ತೃಪ್ತಿಯೇ ಅಂತಿಮ, ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಸಾರಿತು. 1978ರ 44ನೆಯ ತಿದ್ದುಪಡಿಯು ಆ ಕಳಂಕವನ್ನು ತೊಡೆಯಿತು.

ಆದರೆ ಈ ಅಧಿಕಾರವು ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು ಜಗತ್ತಿಗೆ ತೋರಿಸಿದುದು ಬಿಹಾರ. ಪುಣೆಯ ಗೋಖಲೆ ಸಂಸ್ಥೆಯ ಪ್ರಾಧ್ಯಾಪಕರಾದ ಡಿ. ಸಿ. ವಾಧ್ವಾರವರು ಭೂಹಿಡುವಳಿಯ ಸಂಶೋಧನೆಗೆಂದು ಗೆಜೆಟ್ಟುಗಳನ್ನು ತಿರುವಿಹಾಕುತ್ತಿದ್ದಾಗ ವಿಚಿತ್ರವೊಂದು ಅವರ ಕಣ್ಣಿಗೆ ಬಿತ್ತು. 1967ರಿಂದ 1981ರ ವರೆಗೆ 256 ಸುಗ್ರೀವಾಜ್ಞೆಗಳನ್ನು ಆ ಸರಕಾರವು ಒಂದು ವರ್ಷದಿಂದ ಹದಿನಾಲ್ಕು ವರ್ಷಗಳ ವರೆಗೆ ಬದುಕಿಸಿಕೊಂಡು ಬಂದಿತ್ತು. ಉಪಾಯ ಸರಳವಾದುದು: ಶಾಸನಸಭೆ ಸೇರುತ್ತದೆ, ಮಸೂದೆ ಮಂಡಿತವಾಗುವುದಿಲ್ಲ, ಸಭೆ ಮುಗಿಯುತ್ತದೆ, ಸಾಯಲಿರುವ ಆಜ್ಞೆಯನ್ನೇ ಹೊಸ ತಾರೀಖಿನಿಂದ ಮತ್ತೆ ಹೊರಡಿಸುತ್ತಾರೆ. ಅರಣ್ಯೋತ್ಪನ್ನ, ಇಟ್ಟಿಗೆಯ ಪೂರೈಕೆ, ಇಂಟರ್‌ಮೀಡಿಯೆಟ್ ಶಿಕ್ಷಣ ಇಂಥ ದಿನನಿತ್ಯದ ವಿಷಯಗಳಲ್ಲಿ ಯಾವ ಆಪತ್ತು? ಪ್ರಾಧ್ಯಾಪಕರು ನ್ಯಾಯಾಲಯದ ಮೊರೆ ಹೊಕ್ಕರು. 1986ರ ಡಿಸೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಭಗವತಿಯವರ ನೇತೃತ್ವದ ಪೀಠವು ಇದನ್ನು ಸಂವಿಧಾನಕ್ಕೆ ಮಾಡಿದ ವಂಚನೆಯೆಂದು ಕರೆದು, ಅರ್ಜಿದಾರರಿಗೆ ಹತ್ತು ಸಾವಿರ ರೂಪಾಯಿ ಖರ್ಚು ಕೊಡಿಸಿತು. ಆ ಶಾಸನಸಭೆಯ ಸದಸ್ಯರು ಹದಿನಾಲ್ಕು ವರ್ಷ ಕಾಣದುದನ್ನು ದೂರದ ಪುಣೆಯಲ್ಲಿ ಕುಳಿತ ಒಬ್ಬ ಅಧ್ಯಾಪಕರು ಕಂಡರು.

ಅಷ್ಟಾದರೂ ಬುದ್ಧಿ ಬಂತೆ? ಬರಲಿಲ್ಲ. 1989ರಲ್ಲಿ ಅದೇ ಬಿಹಾರ ಸರಕಾರವು 429 ಖಾಸಗಿ ಸಂಸ್ಕೃತ ಪಾಠಶಾಲೆಗಳನ್ನು ಸುಗ್ರೀವಾಜ್ಞೆಯಿಂದ ವಶಪಡಿಸಿಕೊಂಡು, 1992ರ ಏಪ್ರಿಲಿನ ವರೆಗೆ ಅದನ್ನೇ ಮತ್ತೆ ಮತ್ತೆ ಹೊರಡಿಸುತ್ತ ಹೋಯಿತು. ಒಂದನ್ನಾದರೂ ಶಾಸನಸಭೆಯ ಮುಂದಿಡಲಿಲ್ಲ. ಕೊನೆಯ ಆಜ್ಞೆ ತಾನಾಗಿ ಸತ್ತಾಗ ಪಾಠಶಾಲೆಯ ಉಪಾಧ್ಯಾಯರ ಗತಿಯೇನು? ತಾವು ಸರಕಾರದ ನೌಕರರಾದೆವೆಂದು ನಂಬಿದ್ದವರು ಸಂಬಳಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇಪ್ಪತ್ತೈದು ವರ್ಷಗಳ ಬಳಿಕ, 2017ರ ಜನವರಿ 2ರಂದು, ಏಳು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಸುಗ್ರೀವಾಜ್ಞೆಯನ್ನು ಸದನದ ಮುಂದೆ ಮಂಡಿಸುವುದು ಸರಕಾರದ ಇಷ್ಟಕ್ಕೆ ಬಿಟ್ಟುದಲ್ಲ, ಕಡ್ಡಾಯ. ಮತ್ತೆ ಮತ್ತೆ ಹೊರಡಿಸುವುದು ವಂಚನೆ. ಇಂಥ ಆಜ್ಞೆಗಳಿಂದ ಉಪಾಧ್ಯಾಯರಿಗೆ ಯಾವ ಶಾಶ್ವತವಾದ ಹಕ್ಕೂ ಹುಟ್ಟಲಿಲ್ಲ. ಆಗಲೇ ಕೊಟ್ಟಿದ್ದ ಸಂಬಳವನ್ನು ಹಿಂದಕ್ಕೆ ವಸೂಲು ಮಾಡಕೂಡದೆಂಬುದಷ್ಟೇ ಅವರ ಪಾಲಿಗೆ ಬಂದ ಸಮಾಧಾನ. ತಪ್ಪು ಮಾಡಿದವರು ಸಚಿವಾಲಯದವರು. ತೆತ್ತವರು ಹಳ್ಳಿಯಲ್ಲಿ ಶಬ್ದರೂಪ ಹೇಳಿಕೊಡುತ್ತಿದ್ದ ಬಡ ಪಂಡಿತರು. ಶಾಸಕಾಂಗ ಕಾರ್ಯಾಂಗಗಳ ಜಗಳವು ದೊಡ್ಡವರ ವ್ಯವಹಾರ, ನಮಗೇನೆಂದು ಭಾವಿಸುವ ಸಾಮಾನ್ಯರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಈಚಿನ ವರ್ಷಗಳ ಸಂಗತಿಗಳು ವಾಚಕರ ನೆನಪಿನಲ್ಲಿವೆ. 2020ರ ಜೂನ್ 5ರಂದು ಕೃಷಿಗೆ ಸಂಬಂಧಿಸಿದ ಮೂರು ಸುಗ್ರೀವಾಜ್ಞೆಗಳು ಹೊರಟವು. ಸೆಪ್ಟೆಂಬರಿನಲ್ಲಿ ಅವು ಮಸೂದೆಗಳಾಗಿ ಬಂದಾಗ ರಾಜ್ಯಸಭೆಯಲ್ಲಿ ಮತಗಣನೆಯ ಬೇಡಿಕೆಯಿದ್ದರೂ, ಗದ್ದಲದ ನಡುವೆ ಧ್ವನಿಮತದಿಂದಲೇ ಪ್ರಧಾನ ಮಸೂದೆಗಳು ಅಂಗೀಕೃತವಾದವು. ದಿಲ್ಲಿಯ ಗಡಿಯಲ್ಲಿ ರೈತರು ಒಂದು ವರ್ಷ ಕುಳಿತರು. 2021ರ ನವೆಂಬರ್ 29ರಂದು ಎರಡೂ ಸದನಗಳು ಒಂದೇ ದಿನದಲ್ಲಿ, ಚರ್ಚೆಯಿಲ್ಲದೆಯೇ, ಅವುಗಳನ್ನು ರದ್ದುಪಡಿಸಿದವು. ಬರುವಾಗಲೂ ಅವಸರ, ಹೋಗುವಾಗಲೂ ಅವಸರ. ಆ ಕಾನೂನುಗಳಲ್ಲಿ ಒಳ್ಳೆಯ ಅಂಶಗಳಿದ್ದರೆ ಅವು ಚರ್ಚೆಯಲ್ಲಿ ಹೊಳೆಯುತ್ತಿದ್ದವು. ಕೆಟ್ಟ ಅಂಶಗಳಿದ್ದರೆ ಉದುರುತ್ತಿದ್ದವು. ಸಭೆಯಲ್ಲಿ ನಡೆಯಬೇಕಾದ ಮಾತು ಬೀದಿಯಲ್ಲಿ ನಡೆಯಿತು. 2023ರ ಮೇ 11ರಂದು ದಿಲ್ಲಿಯ ಅಧಿಕಾರಿಗಳ ಮೇಲಿನ ಹಿಡಿತವು ಚುನಾಯಿತ ಸರಕಾರದ್ದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತರೆ, 19ರಂದು ಕೇಂದ್ರವು ಸುಗ್ರೀವಾಜ್ಞೆಯಿಂದ ಅದನ್ನು ಬದಲಾಯಿಸಿತು. ಸಂಸತ್ತಿನ ಅಂಗೀಕಾರ ದೊರೆತುದು ಆಗಸ್ಟಿನಲ್ಲಿ.

ಕರ್ನಾಟಕದಲ್ಲಿ ಯಾವ ಪಕ್ಷವೂ ಈ ದೋಷದಿಂದ ಮುಕ್ತವಲ್ಲ. 2020ರ ಡಿಸೆಂಬರಿನಲ್ಲಿ ವಿಧಾನಸಭೆಯು ಅಂಗೀಕರಿಸಿದ ಗೋಹತ್ಯಾ ನಿಷೇಧದ ಮಸೂದೆಯು ವಿಧಾನಪರಿಷತ್ತಿನಲ್ಲಿ ಮುಂದುವರಿಯದೆ ಹೋದಾಗ, 2021ರ ಜನವರಿಯಲ್ಲಿ ಅದನ್ನು ಸುಗ್ರೀವಾಜ್ಞೆಯ ಮೂಲಕ ಜಾರಿಗೆ ತರಲಾಯಿತು. 2021ರ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ ಅಂಗೀಕೃತವಾದ ಮತಾಂತರ ಸಂಬಂಧದ ಮಸೂದೆಗೂ 2022ರ ಮೇ ತಿಂಗಳಲ್ಲಿ ಇದೇ ದಾರಿ ತೋರಿಸಲಾಯಿತು. ಆ ಕಾನೂನುಗಳ ಗುಣದೋಷಗಳನ್ನು ನಾವಿಲ್ಲಿ ವಿಚಾರಿಸುತ್ತಿಲ್ಲ. ಮೇಲ್ಮನೆಯು ಒಪ್ಪಿಗೆ ಕೊಡುವ ಮೊದಲೇ ಅದನ್ನು ಸುತ್ತಿಹೋಗಬಹುದಾದರೆ ಮೇಲ್ಮನೆಯನ್ನು ಇಟ್ಟುಕೊಂಡಿರುವುದಾದರೂ ಏತಕ್ಕೆ? ಪಕ್ಷ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಕಿರುಸಾಲ ಸಂಸ್ಥೆಗಳ ಕಿರುಕುಳವನ್ನು ತಡೆಯಲು ಹೊಸ ಸರಕಾರವೂ ಸುಗ್ರೀವಾಜ್ಞೆಯನ್ನೇ ಹಿಡಿಯಿತು. ಸಾಲಗಾರರ ಸಂಕಟ ನಿಜವಾಗಿತ್ತು, ತ್ವರೆಗೆ ಕಾರಣವೂ ಇತ್ತು; ಮಾರ್ಚಿ ತಿಂಗಳಲ್ಲಿ ಸದನದ ಮುಂದೆ ಮಸೂದೆ ಬಂದುದರಿಂದ ಅದನ್ನು ನಾವು ಹೆಚ್ಚು ಆಕ್ಷೇಪಿಸೆವು.

ಇನ್ನು ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ವಿಷಯ. ಅಂಗಡಿ ಮುಂಗಟ್ಟುಗಳ ನಾಮಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡವಿರತಕ್ಕದ್ದೆಂಬ ಸುಗ್ರೀವಾಜ್ಞೆಯನ್ನು ರಾಜ್ಯ ಸಚಿವ ಸಂಪುಟವು 2024ರ ಜನವರಿಯಲ್ಲಿ ಒಪ್ಪಿ ಕಳುಹಿಸಿತು. ಅಧಿವೇಶನವು ಸಮೀಪದಲ್ಲಿಯೇ ಇದೆ, ಅಲ್ಲಿ ಅಂಗೀಕರಿಸಿಕೊಳ್ಳಿರೆಂದು ರಾಜ್ಯಪಾಲರು ಹಿಂದಿರುಗಿಸಿದರು. ಕನ್ನಡಾಭಿಮಾನಿಗಳಲ್ಲಿ ಅನೇಕರು ಕೆರಳಿದರು. ಫೆಬ್ರವರಿಯಲ್ಲಿ ವಿಧಾನಮಂಡಲವು ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಇದರಿಂದ ಕನ್ನಡಕ್ಕೆ ನಷ್ಟವೇನಾಯಿತು? ಕೆಲವು ವಾರಗಳ ವಿಳಂಬ. ಲಾಭವೇನಾಯಿತು? ಮಂತ್ರಿಗಳ ಆಜ್ಞೆಯಾಗಿ ಹೊರಡಬೇಕಾಗಿದ್ದುದು ಇಡೀ ನಾಡಿನ ಪ್ರತಿನಿಧಿಗಳ ಸಂಕಲ್ಪವಾಗಿ ಹೊರಟಿತು. ಕನ್ನಡಕ್ಕೆ ಇದಕ್ಕಿಂತ ಕಡಮೆಯ ಗೌರವ ಸಲ್ಲಕೂಡದು. ನಮಗೆ ಪ್ರಿಯವಾದ ಕಾರ್ಯಕ್ಕೆ ಅಡ್ಡದಾರಿ ಸರಿಯೆಂದು ಒಪ್ಪಿದರೆ, ನಾಳೆ ನಮಗೆ ಅಪ್ರಿಯವಾದುದು ಅದೇ ದಾರಿಯಲ್ಲಿ ಬಂದಾಗ ಆಕ್ಷೇಪಿಸುವ ಬಾಯಿ ನಮಗಿರಲಾರದು.

ಹಾಗಾದರೆ ರಾಜ್ಯಪಾಲರೇ ಶಾಸನಸಭೆಯ ಕಾವಲುಗಾರರೆ? ಈ ಭ್ರಮೆ ಬೇಡ. 2022ರ ಆಗಸ್ಟಿನಲ್ಲಿ ಕೇರಳದ 11 ಸುಗ್ರೀವಾಜ್ಞೆಗಳು ರಾಜ್ಯಪಾಲರ ಸಹಿ ದೊರೆಯದೆ ಕಾಲಾತೀತವಾದವು. ಸರಕಾರವು ವಿಶೇಷ ಅಧಿವೇಶನ ಕರೆಯಬೇಕಾಯಿತು. ಫಲವು ಒಳ್ಳೆಯದಾದರೂ ಕ್ರಮವು ನಂಬತಕ್ಕದ್ದಲ್ಲ. ಯಾರಿಂದಲೂ ಚುನಾಯಿತರಾಗದವರು ಇಂದು ಸುಗ್ರೀವಾಜ್ಞೆಯನ್ನು ತಡೆದರೆ, ನಾಳೆ ಶಾಸನಸಭೆಯೇ ಅಂಗೀಕರಿಸಿದ ಮಸೂದೆಯನ್ನೂ ಕಪಾಟಿನಲ್ಲಿಡಬಲ್ಲರು. ಇಟ್ಟಿರುವ ನಿದರ್ಶನಗಳೂ ಉಂಟು. ನ್ಯಾಯಾಲಯವೂ ಕಾವಲುಗಾರನಾಗಲಾರದು, ಅದರ ತೀರ್ಪು ಬರುವ ಹೊತ್ತಿಗೆ ಉಪಾಧ್ಯಾಯನ ತಲೆ ನರೆತಿರುತ್ತದೆ. ಶಾಸನಸಭೆಯನ್ನು ಕಾಯತಕ್ಕವರು ಶಾಸಕರೇ.

ಇಂಗ್ಲೆಂಡಿನಲ್ಲಿ ಅರಸನು ಬರಿಯ ಘೋಷಣೆಯಿಂದ ಕಾನೂನನ್ನು ಬದಲಾಯಿಸಕೂಡದೆಂದು ನ್ಯಾಯಾಧೀಶ ಕೋಕನು 1610ರಲ್ಲಿಯೇ ಹೇಳಿದನು. ಅಲ್ಲಿಯ ಪ್ರಧಾನಮಂತ್ರಿಯು 2019ರಲ್ಲಿ ಪಾರ್ಲಿಮೆಂಟನ್ನು ಐದು ವಾರ ಮುಚ್ಚಿಸಲು ಹೋದಾಗ ಅದು ಅಕ್ರಮವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಸಾರಿತು. ನಮ್ಮಲ್ಲಿ ಸದನವನ್ನು ಬಲಾತ್ಕಾರದಿಂದ ಮುಚ್ಚುವ ಅಗತ್ಯವೇ ಇಲ್ಲ. ಅದು ತೆರೆಯುವುದೇ ವಿರಳ. ಮೊದಲನೆಯ ಲೋಕಸಭೆಯು ತನ್ನ ಅವಧಿಯಲ್ಲಿ 677 ದಿನ ಕೂಡಿತು. 2019ರಿಂದ 2024ರ ವರೆಗಿನ ಹದಿನೇಳನೆಯ ಲೋಕಸಭೆಯು ಕೂಡಿದುದು 274 ದಿನ. ರೋಗದ ಮೂಲ ಇಲ್ಲಿದೆ. ಸದನವು ಸೇರದಿರುವ ದಿನಗಳು ಹೆಚ್ಚಿದಷ್ಟೂ ಸುಗ್ರೀವನಿಗೆ ಸುಗ್ಗಿ.

ನಮ್ಮ ರಾಜ್ಯವು ಈ ರೋಗಕ್ಕೆ ಔಷಧವನ್ನು ಎಂದೋ ಬರೆದಿಟ್ಟುಕೊಂಡಿದೆ. ವಿಧಾನಮಂಡಲವು ವರ್ಷಕ್ಕೆ ಕನಿಷ್ಠ 60 ದಿನ ಕೂಡತಕ್ಕದ್ದೆಂದು 2005ರಲ್ಲಿ ಇಲ್ಲಿ ಅಧಿನಿಯಮವೇ ಆಯಿತು. ಅಂಥ ಶಾಸನ ಮಾಡಿದ ಕೀರ್ತಿ ನಮ್ಮದು. ಅದನ್ನು ವರ್ಷ ವರ್ಷವೂ ಮುರಿಯುತ್ತ ಬಂದ ಅಪಕೀರ್ತಿಯೂ ನಮ್ಮದೇ. ತಾನೇ ಮಾಡಿದ ಕಾನೂನಿಗೆ ತಾನು ತಲೆಬಾಗದ ಶಾಸನಸಭೆಯ ಮಾತನ್ನು ಮಂತ್ರಿಗಳು ಏಕೆ ಲಕ್ಷಿಸಬೇಕು?

ಆದಕಾರಣ ನಮ್ಮ ಸೂಚನೆಗಳು ಇವು. ಅರವತ್ತು ದಿನಗಳ ನಿಯಮವನ್ನು ಅಕ್ಷರಶಃ ಪಾಲಿಸಲಿ. ಅಧಿವೇಶನಗಳ ತಾರೀಖುಗಳು ವರ್ಷದ ಆದಿಯಲ್ಲಿಯೇ ಪ್ರಕಟವಾಗಲಿ. ಸುಗ್ರೀವಾಜ್ಞೆಯ ಬದಲಿಗೆ ಮಸೂದೆ ತರುವಾಗ ತ್ವರೆಯ ಕಾರಣವನ್ನು ವಿವರಿಸುವ ಹೇಳಿಕೆಯನ್ನಿಡಬೇಕೆಂದು ಲೋಕಸಭೆಯ 71ನೆಯ ನಿಯಮವು ಹೇಳುತ್ತದೆ. ಆ ಕಾರಣವು ಸುಗ್ರೀವಾಜ್ಞೆಯೊಡನೆಯೇ ಗೆಜೆಟ್ಟಿನಲ್ಲಿ ಬರಲಿ, ಎಲ್ಲರೂ ಓದಲಿ. ಅಧಿವೇಶನದ ಮೊದಲನೆಯ ದಿನವೇ ಆಜ್ಞೆಯು ಸದನದ ಮುಂದೆ ಬರಲಿ. ಒಂದು ಸದನದಲ್ಲಿ ನಿಂತಿರುವ ಮಸೂದೆಯನ್ನು ಸುಗ್ರೀವಾಜ್ಞೆಯಾಗಿ ಹೊರಡಿಸುವುದಿಲ್ಲವೆಂದು ಎಲ್ಲ ಪಕ್ಷಗಳೂ ಕೂಡಿ ಮರ್ಯಾದೆಯೊಂದನ್ನು ಕಟ್ಟಿಕೊಳ್ಳಲಿ. ಇವುಗಳಲ್ಲಿ ಯಾವುದಕ್ಕೂ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಆಳುವ ಪಕ್ಷದ ಹಿಂದಿನ ಸಾಲಿನಲ್ಲಿ ಕುಳಿತ ಶಾಸಕರು ಒಮ್ಮೆ ಎದ್ದು ನಿಂತು, ಈ ಕೆಲಸ ನಮ್ಮದು, ನಮ್ಮನ್ನು ಕೇಳಿ ಮಾಡಿರೆಂದು ತಮ್ಮ ಮಂತ್ರಿಗಳಿಗೆ ಹೇಳಿದರೆ ಸಾಕು.

ಮಂತ್ರಿಮಂಡಲವು ಶಾಸನಸಭೆಯ ಮಗು; ಸಭೆಯ ವಿಶ್ವಾಸವಿರುವ ತನಕವೇ ಅದರ ಬಾಳು. ಮಗುವು ತಾಯಿಯ ಕೀಲಿಕೈಯನ್ನು ಆಪತ್ಕಾಲದಲ್ಲಿ ಹಿಡಿಯುವುದು ತಪ್ಪಲ್ಲ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ತಾಯಿಯನ್ನು ಹೊರಬಾಗಿಲಲ್ಲಿ ಕೂರಿಸುವುದು ತಪ್ಪು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಅಭ್ಯರ್ಥಿಯನ್ನು ವಾಚಕರು ರಸ್ತೆ, ನೀರು, ದೀಪಗಳ ಸಂಗಡ ಇದೊಂದನ್ನೂ ಕೇಳಲಿ: ಕಳೆದ ವರ್ಷ ನಿಮ್ಮ ಸಭೆ ಎಷ್ಟು ದಿನ ಸೇರಿತು, ಅದರಲ್ಲಿ ತಾವೆಷ್ಟು ದಿನ ಕುಳಿತಿರಿ, ತಾವಿಲ್ಲದಾಗ ಆದ ಕಾನೂನುಗಳೆಷ್ಟು? ಉತ್ತರ ಹೇಳಲು ತಡವರಿಸುವವರಿಗೆ ಮತ ಕೊಡುವ ಮುನ್ನ ಎರಡು ಸಲ ಆಲೋಚಿಸುವುದು ಉಚಿತ.